ಗಂಡಸರ ಕಣ್ಣಿಗೆ ಬೀಳದ ಒಂಬತ್ತು ನಿಮಿಷ

ಅಕ್ಟೋಬರ್ 23, 2012, ಮಂಗಳವಾರ. ಖಂಡೆಪೂಜೆ

ಶ್ರೀಮತ್ಸಕಲಗುಣಸಂಪನ್ನ, ಪುಟಪುಟಕ್ಕೂ ಯೂರಿಯಾ ಜಾಹೀರಾತಿನಿಂದ ವಿರಾಜಮಾನ, ಕೃಷ್ಣಾ-ಘಟಪ್ರಭಾ ನದಿಗಳ ನಡುವಿನ ಸಮಸ್ತ ಗೊಬ್ಬರದಂಗಡಿಗಳ ಕೀರ್ತಿಪತಾಕೆಯಾದ ಪುಕ್ಕಟೆ ಡೈರಿ ಮಹಾರಾಜರ ಪಾದಾರವಿಂದಗಳಿಗೆ, ಜಮಖಂಡಿ ಪೇಟೆಯ ಮಾಳಿಂಗರಾಯ ಫೋಟೋ ಸ್ಟುಡಿಯೋದ ಪಟ್ಟದ ಛಾಯಾಗ್ರಾಹಕಿ, ಇಪ್ಪತ್ತೆರಡು ವರ್ಷ ಪ್ರಾಯದ ಪೂನಮ್ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಜನವರಿಯಿಂದ ತಮ್ಮನ್ನು ಮೇಜಿನ ಕುಂಟುಗಾಲಿಗೆ ಆಸರೆಯಾಗಿ ಇಟ್ಟಿದ್ದಕ್ಕೆ ಕ್ಷಮೆಯಿರಲಿ. ಇಂದು ಆಯುಧಗಳ ಜತೆ ಮೇಜಿಗೂ ಪೂಜೆಯಾದ್ದರಿಂದ ತಮಗೆ ಬಿಡುಗಡೆಯಾಯಿತು.

ಸಂಸ್ಥಾನ ವಿಲೀನವಾದ ಮೇಲೆ ಜಮಖಂಡಿಯಲ್ಲಿ ಉಳಿದ ಏಕೈಕ ದರಬಾರು ನಮ್ಮ ಸ್ಟುಡಿಯೋ. ಅರಸ ನನ್ನ ಸೋದರಮಾವ ಮುತ್ತಣ್ಣ. ದಿನಕ್ಕೆ ಹನ್ನೊಂದು ಕಪ್ ಚಹಾ ಅವನಿಗೆ ಸಲ್ಲುವ ಕಾಣಿಕೆ. ರಾಜಮಾತೆ ನಮ್ಮಜ್ಜಿ ಹೊಳೆವ್ವ. ಇವತ್ತು ಅಜ್ಜಿ ಮನೆದೇವರು ಬೀರಪ್ಪನ ಹೆಸರು ಹೇಳಿ ತೂರಿದ ಭಂಡಾರದ ಅರಿಶಿಣಪುಡಿ ಬೀಳದ ವಸ್ತು ಸ್ಟುಡಿಯೋದಲ್ಲಿ ಒಂದೂ ಇಲ್ಲ. ಕ್ಯಾಮೆರಾ, ಲೈಟು, ಲ್ಯಾಪ್‌ಟಾಪು, ಪಾಸ್‌ಪೋರ್ಟ್ ಫೋಟೋಕ್ಕೆ ಬಂದಿದ್ದ ಮಾಸ್ತರರ ಬಿಳಿ ಅಂಗಿ, ಎಲ್ಲವೂ ಹಳದಿ. ಎಲ್ಲಕ್ಕಿಂತ ಹೆಚ್ಚು ಭಂಡಾರ ಬಿದ್ದದ್ದು ಜುಲೈನಲ್ಲಿ ತಂದ ದೊಡ್ಡ ಹಾರ್ಡ್ ಡಿಸ್ಕಿಗೆ. ಮೂರು ವರ್ಷದ ಅಷ್ಟೂ ಲಗ್ನಗಳು ಆ ಇಟ್ಟಂಗಿಯಷ್ಟು ದೊಡ್ಡ ಪೆಟ್ಟಿಗೆಯೊಳಗೆ ಇವೆ.

ವೈರುಗಳನ್ನು ಬಿಚ್ಚಿ, ಒರೆಸಿ, ಸಾಲಾಗಿ ಕೂಡಿಸುವ ಸೇವೆ ನನ್ನದು. ಗೋಡೆಯ ಕರೆಂಟನ್ನು ಪಳಗಿಸಿ ಯಂತ್ರಕ್ಕೆ ಕುಡಿಸುವ ಎರಡು ಕರಿ ಅಡಾಪ್ಟರುಗಳು ಪಕ್ಕಪಕ್ಕದಲ್ಲಿ ಕೂತಿದ್ದವು. ಲ್ಯಾಪ್‌ಟಾಪಿನದು ದಪ್ಪ, ಡಿಸ್ಕಿನದು ಸಣ್ಣ. ಒಂದೇ ಬಣ್ಣ, ಒಂದೇ ಕುಲ, ಗೋತ್ರವೊಂದೇ ಬೇರೆ. ಇಷ್ಟು ಛಲೋ ಜೋಡಿಯನ್ನು ಹಾಗೇ ಬಿಡುವುದು ಪಾಪವೆಂದು ನಾನೇ ಪೌರೋಹಿತ್ಯ ವಹಿಸಿ ಲಗ್ನ ಮಾಡಿಸಿದೆ. ದಪ್ಪವನಿಗೆ ಬಾಸಿಂಗ, ಸಣ್ಣವಳಿಗೆ ಅರಿಶಿಣದ ಕೊಂಬು, ಮೇಲೆ ನಾಲ್ಕು ಕಾಳು ಅಕ್ಷತೆ. ಫೋಟೋ ಕೂಡ ತೆಗೆದೆ. ಕಾರ್ಯ ಮುಗಿದ ಮೇಲೆ ವಧೂವರರನ್ನು ಹರಸಿ, ವೈರು ಜೋಡಿಸಿ, ಮನೆಗೆ ಬಂದೆ.

ಅಕ್ಟೋಬರ್ 24, ಬುಧವಾರ. ಬನ್ನಿ ಹಬ್ಬ

ಮಹಾರಾಜರೇ, ಡಿಸ್ಕು ತೀರಿಕೊಂಡಿತು.

ಬೆಳಿಗ್ಗೆ ಮಾಮಾ ಬೀರಪ್ಪನ ಫೋಟೋಕ್ಕೆ ಕೈಮುಗಿದು ಮೇನ್ ಸ್ವಿಚ್ ಒತ್ತಿದ. ಪೆಟ್ಟಿಗೆಯೊಳಗೆ ಕಡಲೆ ಸಿಡಿದಷ್ಟು ಸದ್ದು. ಆಮೇಲೆ ಸುಟ್ಟ ವಾಸನೆ. ದೀಪ ಹತ್ತಲಿಲ್ಲ, ಒಳಗೆ ಏನೂ ತಿರುಗಲಿಲ್ಲ. ನಾನು ಗಾಬರಿಯಲ್ಲಿ ವೈರುಗಳನ್ನೆಲ್ಲ ಕಿತ್ತು, ನೋಡಿ, ಮತ್ತೆ ನೆಟ್ಟಗೆ ಹಾಕಿದೆ. ಏನೂ ಉಪಯೋಗವಾಗಲಿಲ್ಲ.

"ಸ್ವಿಚ್ ಹಾಕಿದಾಂವ ನಾ ಬೇ, ಪೂನಮ್ಮಿ. ನನ್ನ ಕೈಲೇ ಆತು," ಅಂದ ಮಾಮಾ.

"ಕರೆಂಟ್ ಹೆಚ್ಚುಕಡಿಮಿ ಬಂದಿರಬೇಕ್ ಬಿಡು ಮಾಮಾ."

"ನಿನ್ನೆ ಕಾಯಿ ಒಡಿಯೂ ಮುಂದ ನನ್ನ ಕಾಲು ಅದಕ ತಾಕಿತ್ತು. ನಮಸ್ಕಾರ ಮಾಡಲಿಲ್ಲ ನಾ. ಬೀರಪ್ಪ ಸುಮ್ನ ಬಿಡ್ತಾನ?"

ಊರೆಲ್ಲ ಬನ್ನಿ ಕೊಟ್ಟು ಬಂಗಾರ ಅನ್ನುತ್ತಿತ್ತು. ನಾವು ಸತ್ತ ಪೆಟ್ಟಿಗೆಗೆ ಕಿವಿ ಹಚ್ಚಿ ಕೂತಿದ್ದೆವು.

ಅಕ್ಟೋಬರ್ 26, ಶುಕ್ರವಾರ

ಡಿಸ್ಕಿನೊಳಗೆ ಏನೇನಿದೆ ಎಂದು ಪಟ್ಟಿ ಮಾಡಲು ಕೂತೆ. ಲಗ್ನ, ಬಸುರಿಯರ ಕುಬಸ, ಗೃಹಪ್ರವೇಶ. ಜತೆಗೆ ನನ್ನ ಸ್ವಂತದ್ದೊಂದು ಫೋಲ್ಡರು, ಹೆಸರು 'ರತ್ನಭಂಡಾರ'. ಆಕಳಿಸುವ ಬೀಗರು, ಮೂಗಿಗೆ ಬೆರಳಿಟ್ಟ ಪುಢಾರಿ, ಹಲ್ಲುಸೆಟ್ಟು ಜಾರಿದ ಮುತ್ತೈದೆ, ಹೀಗೆ ಒಟ್ಟು ನಾನೂರ ಹನ್ನೆರಡು ರತ್ನಗಳು. ಬೇಸರವಾದಾಗ ಗೆಳತಿಯರಿಗೆ ತೋರಿಸಿ ನಗುವುದಕ್ಕೆ.

ಈ ರತ್ನಗಳು ಹೋದರೆ ಬೇರೆ ಸಿಕ್ಕಾವು. ಹೋಗಲೇಬಾರದ್ದು ಒಂದಿದೆ, ಒಂಬತ್ತು ನಿಮಿಷದ ಒಂದು ವಿಡಿಯೋ.

ಮೇ ತಿಂಗಳಲ್ಲಿ ತೇರದಾಳದ ಧನಪಾಲ ಅವರ ಮಗಳು ಭಕ್ತಿಯ ಲಗ್ನ. ಅರಿಶಿಣದ ದಿನ ಗಂಡಸರು ಪೆಂಡಾಲು ನೋಡಲು ಹೋದಾಗ ಹೆಂಗಸರು ಒಳಕೋಣೆಯ ಅಗಳಿ ಹಾಕಿಕೊಂಡು ಗಂಡಸರ ಸೋಗು ಹಾಕುವುದು ಆ ಓಣಿಯ ರೂಢಿ. ಈ ಸೀಮೆಯಲ್ಲಿ ಕ್ಯಾಮೆರಾ ಹಿಡಿದ ಹುಡುಗಿ ನಾನೊಬ್ಬಳೇ ಆದ್ದರಿಂದ ಆ ಕೋಣೆಗೆ ನನಗೆ ಪ್ರವೇಶ. ಅಲ್ಲಿ ಭಕ್ತಿಯ ಅಜ್ಜಿ ಕಮಲಾಬಾಯಿ, ಎಪ್ಪತ್ನಾಲ್ಕು ವರ್ಷದವರು, ಊರೇ ಹೆದರುವ ಹೆಂಗಸು, ಆರು ವರ್ಷದ ಹಿಂದೆ ತೀರಿಕೊಂಡ ತಮ್ಮ ಯಜಮಾನರ ಧೋತರ ಉಟ್ಟು, ಶಲ್ಯ ಹೊದ್ದು, ಕರಿ ಟೊಪ್ಪಿಗೆ ಹಾಕಿ, ಬಗಲಲ್ಲಿ ಕೊಡೆ ಇರುಕಿಕೊಂಡು ಬಂದರು. ಆ ಯಜಮಾನರು ಇರುವೆ ಸತ್ತೀತೆಂದು ಕೂಡುವ ಜಾಗವನ್ನು ಶಲ್ಯದ ಸೆರಗಿನಿಂದ ಮೂರು ಸಲ ಝಾಡಿಸಿ, ಇರುವೆಗಳಿಗೆ "ಹೋಗ್ರೆಪಾ, ಹೋಗ್ರಿ" ಎಂದು ಮೆತ್ತಗೆ ಹೇಳಿ, ಅದೇ ಉಸಿರಿನಲ್ಲಿ ಹೆಂಡತಿಗೆ "ಚಾ ಎಲ್ಲೈತೀ!" ಎಂದು ಗುಡುಗುತ್ತಿದ್ದರಂತೆ. ಕಮಲಾಬಾಯಿ ಅದನ್ನು ಮಾಡಿ ತೋರಿಸಿದಾಗ ಹೆಂಗಸರು ನಕ್ಕು ನೆಲಕ್ಕೆ ಬಿದ್ದರು. ನಗುತ್ತ ಇದ್ದಂತೆಯೇ ಕಮಲಾಬಾಯಿ ಆ ಶಲ್ಯದಿಂದ ಕಣ್ಣು ಒರೆಸಿಕೊಂಡರು. ಅದೂ ಇದೆ, ಏಳನೆಯ ನಿಮಿಷದಲ್ಲಿ.

ಆಮೇಲೆ ನನ್ನ ಕೈಹಿಡಿದು ಆಣೆ ಮಾಡಿಸಿಕೊಂಡರು: "ಇದು ಗಂಡಸರ ಕಣ್ಣಿಗೆ ಬೀಳಬಾರದು. ಭಕ್ತಿಗೆ ಅಷ್ಟ ಕೊಡು."

ಕೊಡುತ್ತೇನೆಂದೆ. ದೀಪಾವಳಿಗೆ ಭಕ್ತಿ ಗಂಡನೊಂದಿಗೆ ತವರಿಗೆ ಬರುತ್ತಾಳೆ. ಅಷ್ಟರಲ್ಲಿ ಕೊಡಬೇಕು.

ಅಕ್ಟೋಬರ್ 27, ಶನಿವಾರ

ಜುಲೈನಲ್ಲಿ ಡಿವಿಡಿಗಳನ್ನೆಲ್ಲ ಡಿಸ್ಕಿಗೆ ತುಂಬಿದ ಮೇಲೆ ಧಾರಾಳ ಮನಸ್ಸಿನ ಮಾಮಾ ಅವನ್ನು ಗಲಗಲಿಯ ಗೆಳೆಯ ಮಾಳುವಿಗೆ ಕೊಟ್ಟಿದ್ದ, ಜೋಳಕ್ಕೆ ಬರುವ ಹಕ್ಕಿ ಓಡಿಸಲು. ಇವತ್ತು ಹೋಗಿ ನೋಡಿದೆ. ಹೊಳೆದಂಡೆಯ ಹೊಲದಲ್ಲಿ ನಲವತ್ಮೂರು ಲಗ್ನಗಳು ದಾರಕ್ಕೆ ನೇತಾಡುತ್ತ, ಫಳಫಳ ಹೊಳೆಯುತ್ತಿದ್ದವು. ಎಲ್ಲ ಬಿಚ್ಚಿ ತಂದೆ. ಒಂದೂ ಓಡಲಿಲ್ಲ. ಮಾಳು ಹೇಳಿದ, ಹಕ್ಕಿಗಳೂ ಹೆದರಲಿಲ್ಲವಂತೆ.

ಅಕ್ಟೋಬರ್ 29, ಸೋಮವಾರ

ಸತ್ತ ಡಿಸ್ಕಿನಿಂದ ಫೈಲು ತೆಗೆದುಕೊಡುವ ಕಂಪನಿಯೊಂದು ಹುಬ್ಬಳ್ಳಿಯಲ್ಲಿದೆ. ಫೋನ್ ಮಾಡಿದೆ. ಎತ್ತಿದವನ ಧ್ವನಿ ತುಪ್ಪ ಸವರಿದ ಹಾಗಿತ್ತು.

"ಡಿಸ್ಕ್ ನಾವು ಪುಣೆ ಲ್ಯಾಬಿಗೆ ಕಳಸ್ತೇವ್ರಿ ಮೇಡಂ. ನೋಡಾಕ ಎರಡು ಸಾವಿರ, ಅದು ವಾಪಸ್ ಬರೂದಿಲ್ರಿ. ಡಾಟಾ ಸಿಕ್ಕರ ಮೂವತ್ತೆಂಟು ಸಾವಿರ. ದೀಪಾವಳಿ ಒಳಗ ಬೇಕಂದ್ರ ಅರ್ಜಂಟ್ ಚಾರ್ಜ್ ಬ್ಯಾರೆ."

ಡಿಸ್ಕಿನ ಬೆಲೆ ಆರು ಸಾವಿರ. ನಾನು ಮುಂದಿನದನ್ನು ಕೇಳಿದೆ.

"ಒಳಗ ಹೆಣ್ಮಕ್ಕಳ ವಿಡಿಯೋ ಅದಾವ್ರಿ. ಯಾರು ನೋಡ್ತಾರ್ರಿ?"

"ಯಾರೂ ನೋಡೂದಿಲ್ರಿ. ಪೂರಾ ಗುಪ್ತ ಇರ್ತೈತಿ."

"ಮತ್ತ ವಿಡಿಯೋ ನೆಟ್ಟಗ ಬಂದೈತೋ ಇಲ್ಲೋ ಹೆಂಗ ಗೊತ್ತಾಕ್ಕೈತ್ರಿ?"

"ಇಂಜಿನಿಯರ್ ತಗದ ನೋಡ್ತಾರ್ರಿ."

"ಇಂಜಿನಿಯರ್ ಅಂದ್ರ ಯಾರೂ ಅಲ್ಲೇನ್ರಿ?"

ಅವನು ಬಿಡಿಸಿ ಹೇಳಿದ: ನಾಲ್ಕಾರು ಫೈಲು ತೆರೆದು, ಅವುಗಳ ಚಿತ್ರವನ್ನು ನಮಗೆ ಮೇಲ್ ಮಾಡುತ್ತಾರೆ. ಎಲ್ಲದರ ಒಂದು ಪ್ರತಿ ಅವರ ಹತ್ತಿರ ಮೂವತ್ತು ದಿನ ಇರುತ್ತದೆ. ಆಮೇಲೆ ಅಳಿಸುತ್ತಾರೆ.

"ಅಳಿಸಿದ್ದು ನಮಗ ಹೆಂಗ ಗೊತ್ತಾಗಬೇಕ್ರಿ?"

"ಅದಕ್ಕ ಸರ್ಟಿಫಿಕೇಟ್ ಕೊಡ್ತೇವ್ರಿ," ಅಂದ. ಅದಕ್ಕೂ ಚಾರ್ಜ್ ಬೇರೆ.

ಅಕ್ಟೋಬರ್ 30, ಮಂಗಳವಾರ

ಡಿಸ್ಕು ಜೀವಂತವಾಗುವವರೆಗೆ ಚಹಾ ಮುಟ್ಟುವುದಿಲ್ಲ ಎಂದು ಮಾಮಾ ಬೀರಪ್ಪನಿಗೆ ಹರಕೆ ಹೊತ್ತ. ಮಧ್ಯಾಹ್ನ ಅವನೇ ಕ್ಯಾಮೆರಾ ಹಿಡಿದ. ಪಾಸ್‌ಪೋರ್ಟ್ ಫೋಟೋ ನಾಲ್ಕೂ ಅಲುಗಾಡಿ ಬಂದವು. ನಗು ಬರಬೇಕಿತ್ತು.

ನವೆಂಬರ್ 2, ಶುಕ್ರವಾರ

ಮುಧೋಳದಿಂದ ಒಬ್ಬಾತ ಬಂದು ನನ್ನ ಕ್ಯಾಮೆರಾ ತಿರುಗಿಸಿ ತಿರುಗಿಸಿ ನೋಡಿದ. ಕಂಪನಿಯ ರೊಕ್ಕಕ್ಕಾಗಿ ಅದನ್ನು ಇಪ್ಪತ್ತೆರಡು ಸಾವಿರಕ್ಕೆ ಮಾರುವ ಮಾತಾಯಿತು. ಉಳಿದದ್ದನ್ನು ಮಾಮಾ ಹೊಂದಿಸುತ್ತಾನಂತೆ. ಮುಧೋಳದವನು ಮಂಗಳವಾರ ರೊಕ್ಕ ತರುತ್ತಾನೆ. ಕಂಪನಿಯ ಫಾರ್ಮಿನಲ್ಲಿ 'ಡಿಸ್ಕಿನ ಮಾಹಿತಿಯ ಮಾಲೀಕರು ಯಾರು?' ಎಂಬ ಪ್ರಶ್ನೆಯಿತ್ತು. ಮಾಮಾ ತನ್ನ ಹೆಸರು ಬರೆದ.

ನಾನು ಅದನ್ನು ಹೊಡೆದುಹಾಕಿದೆ. ಯಾರ ಹೆಸರು ಬರೆಯಬೇಕೆಂದು ತಿಳಿಯಲಿಲ್ಲ. ನಾಲ್ಕು ಗೆರೆಯ ಜಾಗದಲ್ಲಿ ಅಷ್ಟು ಹೆಂಗಸರು ಹಿಡಿಸುವುದಿಲ್ಲ.

ನವೆಂಬರ್ 3, ಶನಿವಾರ

ಹನ್ನೊಂದು ಗಂಟೆಗೆ ಕಮಲಾಬಾಯಿಯವರ ಸವಾರಿ ಚಿತ್ತೈಸಿತು. ಬಿಳಿ ಸೀರೆ, ಕೈಯಲ್ಲಿ ಯಜಮಾನರ ಅದೇ ಕೊಡೆ.

"ಏನ ಹುಡುಗೀ, ಲಗ್ನ ಆಗಿ ಆರು ತಿಂಗಳಾತು. ಕೂಸು ಹುಟ್ಟಿದ ಮ್ಯಾಲೆ ಕೊಡಾಕಿಯೇನ ಸಿಡಿ?"

ಮಾಮಾ ಮೇಜಿನ ಕೆಳಗೆ ಏನನ್ನೋ ಹುಡುಕಲು ಹೋಗಿ ಅಲ್ಲೇ ಉಳಿದ. ನಾನು ಹತ್ತು ಸುಳ್ಳುಗಳನ್ನು ಸಾಲಾಗಿ ನಿಲ್ಲಿಸಿಕೊಂಡಿದ್ದೆ. ಅವರ ಮುಖ ನೋಡಿದಾಗ ಒಂದೂ ಮುಂದೆ ಬರಲಿಲ್ಲ. ಡಿಸ್ಕು ಸುಟ್ಟದ್ದು, ಪುಣೆ, ಮೂವತ್ತೆಂಟು ಸಾವಿರ, ಇಂಜಿನಿಯರು, ಮೂವತ್ತು ದಿನ, ಎಲ್ಲ ಹೇಳಿದೆ.

"ಅಂದ್ರ," ಎಂದರು ನಿಧಾನವಾಗಿ, "ನಾ ನನ್ನ ಗಂಡನ ಧೋತರ ಉಟ್ಟದ್ದು ಪುಣೆದಾಗ ಮೂವತ್ತು ದಿನ ಇರತೈತಿ?"

"ಹೌದ್ರಿ, ಆಯಿ."

"ಕಂಡವ್ರು ತಗದ ನೋಡ್ತಾರ. ಅದಕ್ಕ ನಾವ ರೊಕ್ಕ ಕೊಡಬೇಕು."

"ಹೌದ್ರಿ."

"ನನ್ನ ಜೀವನದಾಗ ನಾಟಕಾ ಮಾಡಿದವ್ರಿಗೆ ರೊಕ್ಕ ಕೊಟ್ಟೇನಿ. ನೋಡಾಕ ಬಂದವ್ರಿಗೆ ಎಂದೂ ಕೊಟ್ಟಿಲ್ಲ."

ಕೊಡೆಯಿಂದ ಡಿಸ್ಕನ್ನು ಒಮ್ಮೆ ತಟ್ಟಿ ನೋಡಿದರು. "ನಮ್ಮ ಮನಿ ಮಗ್ಗದ ಯಂತ್ರಂದು ಬೋರ್ಡ್ ಹಿಂಗ ಸುಟ್ಟಿತ್ತು. ಕಂಪನ್ಯಾಂವ ನಲವತ್ತು ಸಾವಿರ ಅಂದ. ಬನಹಟ್ಟಿ ಪರಮಾನಂದ ಎರಡನೂರಕ್ಕ ಎಬ್ಬಿಸಿ ಕೊಟ್ಟ. ಸೋಮವಾರ ಬನಹಟ್ಟಿಗೆ ಬಾ. ನಾನೂ ಬರ್ತೇನಿ."

"ನೀವ್ಯಾಕ್ರಿ ಆಯಿ, ಆ ಧೂಳಾಗ?"

"ನನ್ನ ಸೋಗು ಎಲ್ಲಿಗೆ ಹೋಗತೈತಿ, ನಾ ಅಲ್ಲಿರ್ತೇನಿ."

ಆಣೆ ಮುರಿದೆ ಎಂದು ಬೈಯುತ್ತಾರೆಂದು ಕಾದಿದ್ದೆ. ಹೋಗುವಾಗ ತಲೆಯ ಮೇಲೆ ಕೈಯಿಟ್ಟು, "ಕಳಸೂಕಿಂತ ಮೊದಲ ಹೇಳಿದೆಲ್ಲಾ, ಶಾಣ್ಯಾ ಆದಿ," ಅಂದರು. ಬೈದಿದ್ದರೆ ಹಗುರವಾಗುತ್ತಿತ್ತು.

ನವೆಂಬರ್ 5, ಸೋಮವಾರ

ಜಯ ಜಯ ಜಯ! ಡೈರಿ ಮಹಾರಾಜರೇ, ನಗಾರಿ ಬಾರಿಸಿರಿ!

ಮೊದಲಿನಿಂದ ಹೇಳುತ್ತೇನೆ. ಡಿಸ್ಕನ್ನು ಅಜ್ಜಿಯ ಹಳೆ ಕಂಬಳಿಯಲ್ಲಿ ಸುತ್ತಿ ಬಸ್ಸು ಹತ್ತಿದೆ. ಬನಹಟ್ಟಿ ಸ್ಟ್ಯಾಂಡಿನಲ್ಲಿ ಕಮಲಾಬಾಯಿ ಕೊಡೆ ಊರಿ ನಿಂತಿದ್ದರು. ಕೂಸನ್ನು ಇಸಿದುಕೊಳ್ಳುವ ಹಾಗೆ ಕಂಬಳಿ ಇಸಿದುಕೊಂಡರು. ಮಗ್ಗಗಳ ಸದ್ದಿಗೆ ಓಣಿಯ ಗೋಡೆಗಳೇ ಗುಯ್ಗುಡುತ್ತಿದ್ದವು. ಪರಮಾನಂದ ಅವರ ಅಂಗಡಿ ಒಂದು ಮಾಳಿಗೆಯ ಮೆಟ್ಟಿಲುಗಳ ಕೆಳಗೆ, ಇಬ್ಬರು ನಿಂತರೆ ಮೂರನೆಯವರು ಉಸಿರಾಡಲಾರದಷ್ಟು ಅಗಲ. ಐವತ್ತರ ಆಸುಪಾಸಿನವರು, ಹಣೆಯ ಮೇಲೆ ಭೂತಗನ್ನಡಿ.

"ಒಳಗೇನೈತಿ ಅಂತ ಕೇಳಬ್ಯಾಡ," ಅಂದರು ಕಮಲಾಬಾಯಿ, ನಮಸ್ಕಾರಕ್ಕೂ ಮೊದಲು.

"ನಾ ಯಾಕ ಕೇಳ್ಲಿರಿ ಆಯಿ? ನಾ ಬೋರ್ಡ್ ನೋಡಾಂವ."

ನಾಲ್ಕು ತಿರುಪು ಬಿಚ್ಚಿ, ಡಿಸ್ಕಿನ ಬೆನ್ನಿಗಿದ್ದ ಹಸಿರು ಬೋರ್ಡು ತೆಗೆದು ಮೂಸಿದರು. ಮೀಟರಿನ ಎರಡು ಮುಳ್ಳು ಇಟ್ಟು ನೋಡಿದರು. ಆಮೇಲೆ ಜೋಳದ ಕಾಳಿನಷ್ಟಿದ್ದ ಒಂದು ಕರಿ ತುಣುಕಿನ ಮೇಲೆ ಬೆರಳಿಟ್ಟರು.

"ಇಂವ ಕಾವಲುಗಾರ. ಹೆಚ್ಚಿನ ಕರೆಂಟ್ ಬಂದ್ರ ತಾ ಸುಟಗೊಂಡು ಒಳಗಿನವ್ರನ್ನ ಉಳಸ್ತಾನ. ಉಳಿಸ್ಯಾನ. ಆದ್ರ ಸತ್ತು ಬಾಗಲದಾಗ ಅಡ್ಡ ಬಿದ್ದಾನ, ಯಾರನ್ನೂ ಒಳಗ ಬಿಡವಲ್ಲ." ನನ್ನತ್ತ ನೋಡಿದರು. "ಅಡಾಪ್ಟರ್ ತಂದೀಯೇನ ತಂಗಿ?"

ಕೊಟ್ಟೆ. ಅದರ ಹೊಟ್ಟೆಯ ಮೇಲಿನ ಅಕ್ಷರ ಓದಿದರು. "ಹನ್ನೆರಡು ವೋಲ್ಟ್. ಬರೋಬ್ಬರಿ ಐತಿ. ಇದರಿಂದ ಹಿಂಗ ಸುಡೂದಿಲ್ಲ. ಬ್ಯಾರೆ ಯಾವದರೆ ಹಚ್ಚಿದ್ರ್ಯಾ?"

"ಇಲ್ರಿ ಅಣ್ಣಾರ. ಲೈನಿನ ಕರೆಂಟ್ ಹೆಚ್ಚುಕಡಿಮಿ ಆಗಿತ್ರಿ."

ಅಡಾಪ್ಟರಿನ ಸಂದಿಯಲ್ಲಿ ಸಿಕ್ಕಿದ್ದ ಒಂದು ಅಕ್ಕಿಕಾಳನ್ನು ಅವರು ಉಗುರಿನಿಂದ ಎಬ್ಬಿಸಿ, ನೋಡಿ, ಬಿಸಾಕಿದರು. "ಆಗಿರಬೇಕ್ ಬಿಡು," ಅಂದರು.

ಕಾದ ಬೆಸುಗೆ ಕಡ್ಡಿಯ ತುದಿ ತಾಗಿಸಿದರು. ಕಾವಲುಗಾರನ ಹೆಣ ಎದ್ದು ಬಂತು. ಬೋರ್ಡು ಮರಳಿ ಕೂಡಿಸಿ, ವೈರು ಹಾಕಿ, ಸ್ವಿಚ್ ಒತ್ತಿದರು.

ನಾನು ಕಣ್ಣು ಮುಚ್ಚಿದ್ದೆ. ಮೊದಲು ಕೇಳಿದ್ದು ಬೆಕ್ಕು ಗುರುಗುಟ್ಟಿದಂಥ ಸದ್ದು. ತಿರುಗುತ್ತಿತ್ತು!

"ಸ್ಕ್ರೀನ್ ಹುಡುಗಿ ಕಡೆ ತಿರುವು," ಕಮಲಾಬಾಯಿಯವರ ಆಜ್ಞೆ. "ನೀ ಗ್ವಾಡಿ ಕಡೆ ಮಾರಿ ಮಾಡು."

"ನನ್ನ ಅಂಗಡ್ಯಾಗ ನಾನ ಗ್ವಾಡಿ ನೋಡಬೇಕ್ರಿ?"

"ನೋಡು. ಛಲೋ ಗ್ವಾಡಿ ಐತಿ."

ಪರಮಾನಂದ ಗೋಡೆಗೆ ಮುಖ ಮಾಡಿ ಕೂತರು. ಎಲ್ಲ ಫೋಲ್ಡರುಗಳೂ ಇದ್ದವು. ಸಾಲಿನಲ್ಲಿ ರತ್ನಭಂಡಾರ ಕಂಡಿತು. ಅದರೊಳಗೆ ಬಾಯಿ ತೆರೆದು ನಿದ್ದೆ ಮಾಡುವ ಕಮಲಾಬಾಯಿಯೂ ಇದ್ದಾರೆಂದು ಆಗ ನೆನಪಾಯಿತು. ಅವರು ನನ್ನ ಭುಜಕ್ಕೆ ಭುಜ ತಾಗಿಸಿ ಕೂತಿದ್ದರು. ಅವಸರದಲ್ಲಿ ಅದನ್ನು ದಾಟಿ ಒಂಬತ್ತು ನಿಮಿಷ ತೆರೆದೆ. ಧೋತರ, ಟೊಪ್ಪಿಗೆ, ಕೊಡೆ, ಎಲ್ಲ ಸರಿಯಾಗಿತ್ತು. ಸದ್ದು ನಿಲ್ಲಿಸುವುದನ್ನು ಮಾತ್ರ ಮರೆತಿದ್ದೆ.

"ಹೋಗ್ರೆಪಾ, ಹೋಗ್ರಿ... ಚಾ ಎಲ್ಲೈತೀ!"

ಪರಮಾನಂದರ ಬೆನ್ನು ನೆಟ್ಟಗಾಯಿತು. ತಿರುಗಲಿಲ್ಲ. ಗೋಡೆಗೇ ಹೇಳಿದರು: "ನಾ ರೇಡಿಯೋ ರಿಪೇರಿಗೆ ಬರತಿದ್ದೆನಲ್ರಿ ನಿಮ್ಮ ಮನಿಗೆ. ನನಗೂ ಹಂಗ ಝಾಡಿಸಿ ಜಾಗಾ ಕೊಡತಿದ್ರು. ಯಜಮಾನ್ರು ಬಂದ್ರೇನೋ ಅನಿಸ್ತ್ರಿ ಆಯಿ."

ನಾನು ವಿಡಿಯೋ ನಿಲ್ಲಿಸಿದೆ.

ರೊಕ್ಕ ಎಷ್ಟೆಂದರೆ ಐವತ್ತು ಅಂದರು ಪರಮಾನಂದ. ಮೂವತ್ತೆಂಟು ಸಾವಿರ ಎಲ್ಲಿ, ಐವತ್ತು ಎಲ್ಲಿ! ಆದರೂ ಕಮಲಾಬಾಯಿ ಅಭ್ಯಾಸಬಲದಿಂದ "ನಲವತ್ತು ತಗೋ" ಅಂದರು. ಕೊನೆಗೆ ಎಂಟು ಪಾಸ್‌ಪೋರ್ಟ್ ಫೋಟೋಕ್ಕೆ ಒಪ್ಪಂದವಾಯಿತು. "ಈಗ ಕಾವಲುಗಾರ ಇಲ್ಲ," ಅಂದರು ನನಗೆ, "ಇವತ್ತ ಬ್ಯಾರೆ ಡಿಸ್ಕಿಗೆ ಕಾಪಿ ಮಾಡು. ಮತ್ತ ಅಡಾಪ್ಟರಿಗೆ ಹೆಸರು ಬರದ ಇಡು, ಯಾವದು ಯಾರದು ಅಂತ." ಕೊನೆಯ ಮಾತನ್ನು ಮೆತ್ತಗೆ ಹೇಳಿದರು.

ಸಂಜೆ ಮಾಮಾ ಡಿಸ್ಕಿಗೆ ಕಿವಿ ಹಚ್ಚಿ ಗುರುಗುರು ಕೇಳಿದ. ಮುಧೋಳದವನಿಗೆ ಬರಬೇಡವೆಂದು ಫೋನ್ ಮಾಡಿದ. ಆಮೇಲೆ ಒಂದಾದ ಮೇಲೊಂದು ಹದಿನಾಲ್ಕು ಕಪ್ ಚಹಾ ಕುಡಿದ.

ನವೆಂಬರ್ 6, ಮಂಗಳವಾರ

ಹೊಸ ಡಿಸ್ಕಿಗೆ ಕಾಪಿ ಆಯಿತು. ರತ್ನಭಂಡಾರವನ್ನು ಕಾಪಿ ಮಾಡಲಿಲ್ಲ, ಹಳೆಯದರಲ್ಲೂ ಅಳಿಸಿದೆ. ಜಾಗ ಕಡಿಮೆ ಬೀಳುತ್ತಿತ್ತು, ಅಷ್ಟೇ. ಗೆಳತಿ ತಂಗೆವ್ವ ಬಂದು, "ಆ ಹಲ್ಲುಸೆಟ್ಟಿಂದು ತೋರಸಲೇ, ನಗೂಣು," ಅಂದಳು. ಸುಟ್ಟುಹೋಯಿತೆಂದೆ.

ನವೆಂಬರ್ 14, ಬುಧವಾರ. ಪಾಡ್ಯ

ತೇರದಾಳದಲ್ಲಿ ಇಂದು ಮಧ್ಯಾಹ್ನ ನಡೆದ ವಿಜಯೋತ್ಸವದ ವರದಿಯನ್ನು ಮಹಾರಾಜರು ಅವಧರಿಸಬೇಕು.

ಗಂಡಸರನ್ನು ಅಂಗಳಕ್ಕೆ ಅಟ್ಟಿ ಕಿಟಕಿಗಳಿಗೆ ಸೀರೆ ಇಳಿಬಿಟ್ಟರು. ಭಕ್ತಿ ಅಜ್ಜಿಯ ತೊಡೆಗೆ ಒರಗಿ ಕೂತಳು. ನಾನು ಟಿವಿಗೆ ವೈರು ಹಚ್ಚಿದೆ. ನಗೆಗೆ ಮಾಳಿಗೆ ಹಾರುವಂತಾಯಿತು. ಹೊರಗಿನಿಂದ ಹೊಸ ಅಳಿಯ, "ಅಜ್ಜೀ, ನಾನೊಬ್ಬಾಂವ ಬರ್ಲಿ?" ಎಂದು ಗೋಗರೆದ.

"ನೀ ಬಂದ್ರ ನಿನ್ನ ಸೋಗು ಹಾಕ್ತೇನಿ ನೋಡು!"

ಏಳನೆಯ ನಿಮಿಷ ಬಂದಾಗ ಭಕ್ತಿ ಅಜ್ಜಿಯ ಕೈ ಹಿಡಿದುಕೊಂಡಳು. ಮುಗಿದ ಮೇಲೆ ಕಮಲಾಬಾಯಿ ಎದ್ದು, ಯಾರನ್ನೂ ಕೇಳದೆ, ತಾವೇ ಅಗಳಿ ತೆಗೆದರು.

"ಧನಪಾಲಾ, ಒಳಗ ಬಾ. ನಿಮ್ಮಪ್ಪಗ ಭೆಟ್ಟಿ ಆಗು."

ನಾನು ಅವರತ್ತ ನೋಡಿದೆ. "ಆಯಿ, ಗಂಡಸರು..."

"ಬಾಗಲ ನಂದು. ತಗಿಯಾಕಿ ನಾನ," ಅಂದರು.

ಧನಪಾಲ ಅವರು ಸಂಕೋಚದಿಂದ ಒಳಗೆ ಬಂದರು. ಐವತ್ತು ದಾಟಿದ ಗಂಭೀರ ವ್ಯಾಪಾರಿ. ಟಿವಿಯತ್ತ ಇನ್ನೂ ನೋಡಿರಲಿಲ್ಲ. ಮಂಚದ ಹತ್ತಿರ ನಿಂತು, ಹೆಗಲ ಮೇಲಿನ ಟವೆಲಿನ ತುದಿಯಿಂದ ಕೂಡುವ ಜಾಗವನ್ನು ಒಂದು, ಎರಡು, ಮೂರು ಸಲ ಝಾಡಿಸಿದರು.

ಕೋಣೆಯ ಹೆಂಗಸರೆಲ್ಲ ಒಮ್ಮೆಲೇ ಕೂಗಿಬಿಟ್ಟರು. ಕಮಲಾಬಾಯಿ ಕೊಡೆ ಕೆಳಗೆ ಬೀಳಿಸಿ ನಕ್ಕರು. ಪಾಪ, ಧನಪಾಲ ಅವರಿಗೆ ಏನಾಯಿತೆಂದೇ ತಿಳಿಯಲಿಲ್ಲ. ಆಮೇಲೆ ಒಂಬತ್ತು ನಿಮಿಷ ನೋಡಿದರು. ನಕ್ಕರು. ಟವೆಲ್ ಮತ್ತೆ ಬೇಕಾಯಿತು, ಈ ಸಲ ಕಣ್ಣಿಗೆ.

ಒಂದು ಡಿವಿಡಿ ಭಕ್ತಿಗೆ, ಒಂದು ಕಮಲಾಬಾಯಿಯವರ ಟ್ರಂಕಿಗೆ. ನನ್ನ ಡಿಸ್ಕುಗಳಲ್ಲಿದ್ದುದನ್ನು ಅವರ ಎದುರೇ ಅಳಿಸಿದೆ. ಸರ್ಟಿಫಿಕೇಟ್ ಕೊಡಲೇನ್ರಿ ಅಂದೆ. "ನೀನ ಸರ್ಟಿಫಿಕೇಟು" ಅಂದರು, ಬಾಯಿಗೆ ಒಂದು ಲಾಡು ತುರುಕಿದರು. ಓಣಿಯ ನಾಲ್ಕು ಮನೆಯವರು ಒಳಕೋಣೆಯ ಕಾರ್ಯಗಳಿಗೆ ನನ್ನನ್ನೇ ಬರಹೇಳಿದ್ದಾರೆ. ನನ್ನ ಪ್ರಾಮಾಣಿಕತನ ಈಗ ತೇರದಾಳದಿಂದ ಜಮಖಂಡಿಯವರೆಗೆ ಹೆಸರುವಾಸಿ. ಇತ್ತ ಮಾಮಾ ಹರಕೆ ತೀರಿಸಲು ಬೀರಪ್ಪನಿಗೆ ಐದು ಕಾಯಿ ಒಡೆಸಿ, ತನ್ನ ಕಾಲಿನ ತಪ್ಪನ್ನು ಒಪ್ಪಿಕೊಂಡು ಬಂದಿದ್ದಾನೆ.

ಇಷ್ಟಕ್ಕೆ ಮುಗಿಸಬಹುದಿತ್ತು. ಆದರೆ ಮೊದಲ ದಿನದ ಪುಟದಲ್ಲಿ ಒಂದು ಸಾಲು ಬಿಟ್ಟಿದ್ದೇನೆ, ಮಹಾರಾಜರೇ. ಲಗ್ನವಾದ ಮೇಲೆ ಹುಡುಗಿಯನ್ನು ಗಂಡನ ಮನೆಗೆ ಕಳಿಸುವುದು ಪದ್ಧತಿ. ಅದಕ್ಕೆ ಸಣ್ಣವಳನ್ನು ಲ್ಯಾಪ್‌ಟಾಪಿಗೆ ಕಳಿಸಿಕೊಟ್ಟೆ, ಹತ್ತೊಂಬತ್ತು ವೋಲ್ಟಿನ ದಪ್ಪವನನ್ನು ಹನ್ನೆರಡರ ಡಿಸ್ಕಿಗೆ ಮನೆಯಳಿಯನನ್ನಾಗಿ ಮಾಡಿದೆ. ಮಾಮಾ ಬರೀ ಸ್ವಿಚ್ ಒತ್ತಿದ್ದ.